ಹೊಲಿದ ದೋಣಿಗೊಂದು ಎಂಜಿನ್ನು

ಕೊಚ್ಚಿಗೆ ಹೋಗಲು ಪಾಸ್‌ಪೋರ್ಟು ಬೇಕಿಲ್ಲ. ಆದರೂ ಇದನ್ನು ಪರದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಬೋರ್ಡುಗಳ ಅಕ್ಷರ ಓದಲಾಗದ, ಅಂಗಡಿಯವನ ಮಾತು ತಿಳಿಯದ, ಬಾಯಾರಿತೆಂದರೆ ಹಬೆಯಾಡುವ ಕೆಂಪು ನೀರು ಕೊಡುವ ಊರನ್ನು ಇನ್ನೇನೆಂದು ಕರೆಯುವುದು? ಐವತ್ತರ ದಶಕ ಮುಗಿಯುತ್ತ ಬಂದಿತ್ತು. ರಾಜ್ಯಗಳ ನಡುವೆ ಹೊಸದಾಗಿ ಎಳೆದ ಗೆರೆಗಳ ಶಾಯಿ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ನಾನು ಡೈರಿ ಬರೆಯುವವಳು. ಆದರೆ ಆ ಪ್ರವಾಸದ ಪುಟಗಳಲ್ಲಿ ಊಟದ ವಿಷಯ, ಸೆಕೆಯ ವಿಷಯ, ಸಮುದ್ರದ ಬಣ್ಣ, ಇಂಥವೇ ಹೆಚ್ಚು. ಮುಖ್ಯವಾದದ್ದು ನಡೆದ ದಿನ ಒಂದು ಸಾಲೂ ಇಲ್ಲ. ಹಾಗಾಗಿ ಅದನ್ನು ನೆನಪಿನಿಂದಲೇ ಬರೆಯಬೇಕು. ಒಮ್ಮೆ ಕೆಳಗೆ ಬಿದ್ದ ಉಪಕರಣದ ಅಳತೆಯನ್ನು ನಂಬಬೇಡಿ ಎಂದು ಕಾಲೇಜಿನ ಹುಡುಗಿಯರಿಗೆ ಭೌತಶಾಸ್ತ್ರ ಹೇಳುತ್ತಿದ್ದವಳು ನಾನು. ನನ್ನ ನೆನಪು ಆ ಪ್ರವಾಸದಲ್ಲಿ ಒಂದು ಸಲ ಜೋರಾಗಿಯೇ ಬಿದ್ದಿದೆ. ಓದುವವರಿಗೆ ಇದು ತಿಳಿದಿರಲಿ.

ಹೋದದ್ದು ದೇವರ ದರ್ಶನಕ್ಕಲ್ಲ, ಗಾಳಿ ಬದಲಾವಣೆಗೂ ಅಲ್ಲ. ನನ್ನ ಯಜಮಾನರು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದರು. ಖಾಯಂ ಕೆಲಸ. ಒಂದು ದಿನ ಮೇಲಧಿಕಾರಿಯ ಮೇಜಿನ ಮೇಲೆ ರಾಜೀನಾಮೆ ಎಸೆದು ಬಂದು, ಮಲ್ಲೇಶ್ವರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕಂಪನಿ ಶುರುಮಾಡಿದರು. ಕಂಪನಿ ಎಂದರೆ ಇವರು ಮತ್ತು ಲೇತ್ ಓಡಿಸುವ ರಂಗಸ್ವಾಮಿ. ಮಾಡುವ ವಸ್ತು, ಮೀನುಗಾರರ ದೋಣಿಗೆ ಸಿಕ್ಕಿಸುವ ಸಣ್ಣ ಎಂಜಿನ್ನು. ಹುಟ್ಟು ಹಾಕಿ ಹಾಕಿ ಮೀನುಗಾರರ ಆಯಸ್ಸೇ ಸವೆಯುತ್ತಿದೆ, ವಿಲಾಯತಿ ಎಂಜಿನ್ನು ಅವರ ಕೈಗೆ ಎಟಕುವುದಿಲ್ಲ, ನಮ್ಮದೇ ಒಂದು ಬೇಕು ಎಂಬುದು ಇವರ ವಾದ. ವಾದ ಸರಿಯಾಗಿಯೇ ಇತ್ತು. ಇಬ್ಬರೂ ಅದುವರೆಗೆ ಸಮುದ್ರ ನೋಡಿರಲಿಲ್ಲ, ಅಷ್ಟೆ.

ಎರಡು ವರ್ಷ ಆ ಶೆಡ್ಡಿನಲ್ಲಿ ಅವರು ಪಟ್ಟ ಪಾಡು ಸುಳ್ಳಲ್ಲ. ಯುದ್ಧದ ಕಾಲದ ಗುಜರಿಯಲ್ಲಿ ಸಿಕ್ಕ ಬಿಡಿಭಾಗಗಳನ್ನು ಅರೆದು ಅಳತೆಗೆ ತಂದರು. ಎರಕ ಹೊಯ್ದ ಅಲ್ಯುಮಿನಿಯಮ್ ಮೂರು ಸಲ ಬಿರುಕು ಬಿಟ್ಟಿತು. ಎಂಜಿನ್ನಿನಿಂದ ಕೆಳಗಿಳಿಯುವ ಉದ್ದ ಕೊಳವೆಯೊಳಗೆ ನೀರು ನುಗ್ಗುವುದನ್ನು ತಡೆಯಲು ಏನು ಮಾಡಿದರೂ ಆಗದೆ, ಕೊನೆಗೆ ಹರಳೆಣ್ಣೆಯಲ್ಲಿ ನೆನೆಸಿದ ತೊಗಲಿನ ವಾಷರು ಹಾಕಿ ಗೆದ್ದರು. ಆ ಎಣ್ಣೆ ನಮ್ಮ ಅಡುಗೆಮನೆಯದು. ಹಲಸೂರು ಕೆರೆಯಲ್ಲಿ ಎಂಜಿನ್ನು ಮೊದಲ ಸಲ ಓಡಿದಾಗ ರಂಗಸ್ವಾಮಿ ದಡದಲ್ಲಿ ಕೂತು ಅತ್ತುಬಿಟ್ಟ.

ಆಮೇಲೆ ಕೊಳ್ಳುವವರು ಬೇಕಲ್ಲ. ತಿರುವನಂತಪುರದ ಒಬ್ಬ ಸರ್ಕಾರಿ ಅಧಿಕಾರಿ, ತಂದು ಸಮುದ್ರದಲ್ಲಿ ಓಡಿಸಿ ತೋರಿಸಿ, ಸರಿಹೋದರೆ ಸರ್ಕಾರದ ಕಡೆಯಿಂದ ಕೊಂಡು ಮೀನುಗಾರರಿಗೆ ಕೊಡಿಸೋಣ ಎಂದು ಬರೆದರು. ಆಯಿತೆಂದರೆ ಕಂಪನಿ ಉಳಿಯಿತು. ಇಲ್ಲವೆಂದರೆ ಶೆಡ್ಡಿಗೆ ಬೀಗ. ಇವರು ಅದೇ ಮೇಲಧಿಕಾರಿಯ ಬಾಗಿಲಲ್ಲಿ ಹೋಗಿ ನಿಲ್ಲಬೇಕು. ನನಗೆ ಬೇಸಿಗೆ ರಜೆ. ಜೊತೆಗೆ ಹೊರಟೆ.

ಹಾರ್ಬರ್ ಸ್ಟೇಷನ್

ರೈಲು ಇಳಿದದ್ದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಬಂದರಿಗಾಗಿ ಎತ್ತಿದ ಹೂಳನ್ನು ಸುರಿದು ಮಾಡಿದ ದ್ವೀಪ ಅದು ಎಂದು ರೈಲಿನಲ್ಲಿ ಯಾರೋ ಹೇಳಿದ್ದರು. ಇವರಿಗೆ ಅದು ಬಹಳ ಹಿಡಿಸಿತು.

"ನೋಡೇ, ನೆಲ ಇಲ್ಲ ಅಂದ್ರೆ ನೆಲಾನೇ ಮಾಡ್ಕೊಂಡಿದ್ದಾರೆ. ಇಂಥ ಕಡೆ ನಮ್ಮ ಎಂಜಿನ್ನು ಅರ್ಥ ಆಗದೆ ಇರುತ್ತಾ?"

"ಮಾಡಿದ್ದು ಇಂಗ್ಲಿಷರಂತೆ ರೀ."

"ನೀನೊಬ್ಬಳು," ಎಂದು ಪಾರ್ಸೆಲ್ ಆಫೀಸಿನ ಕಡೆಗೆ ನಡೆದರು.

ಅಲ್ಲಿ ತಕರಾರು ಕಾದಿತ್ತು. ಬೆಂಗಳೂರಿನಲ್ಲಿ ಪೆಟ್ಟಿಗೆಯನ್ನು ಬುಕ್ ಮಾಡುವಾಗ ದೋಣಿಯ ಎಂಜಿನ್ನು ಎಂಬ ಹೆಸರು ಅವರ ಪಟ್ಟಿಯಲ್ಲೇ ಇರಲಿಲ್ಲ. ಗುಮಾಸ್ತ ಹುಡುಕಿ ಹುಡುಕಿ ಬೇಸತ್ತು 'ನೀರೆತ್ತುವ ಪಂಪು' ಎಂದು ಬರೆದು ಕಳಿಸಿದ್ದ. ಇಲ್ಲಿಯ ಗುಮಾಸ್ತರು ಬಿಳೀ ಮುಂಡು ಉಟ್ಟು, ಹಣೆಗೆ ಚಂದನ ಇಟ್ಟು, ಶುದ್ಧ ಇಂಗ್ಲಿಷಿನಲ್ಲಿ, ಇದೇನು ಎಂದು ಕೇಳಿದರು. ಇವರಿಗೆ ಅಷ್ಟೇ ಬೇಕಿತ್ತು. ಎಂಜಿನ್ನು ಹುಟ್ಟಿದ ಕಥೆ, ಬಿರುಕು ಬಿಟ್ಟ ಎರಕ, ತೊಗಲಿನ ವಾಷರು, ದೇಶದ ಕರಾವಳಿಯ ಉದ್ದ, ಎಲ್ಲ ಹೇಳಿದರು. ಗುಮಾಸ್ತರು ಪೂರ್ತಿ ಕೇಳಿದರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, "ಸರ್, ಒಂದೇ ಮಾತು. ಇದು ಪಂಪೋ, ಅಲ್ಲವೋ?" ಎಂದರು.

ಇವರು ನನ್ನ ಕಡೆ ನೋಡಲಿಲ್ಲ. "ಪಂಪು," ಎಂದರು.

ಪೆಟ್ಟಿಗೆ ಹೊರಗೆ ಬಂತು.

ಆ ಸಂಜೆ ಬಂದರಿನಲ್ಲಿ ಕೆಲಸಕ್ಕಿದ್ದ ಇವರ ಪರಿಚಯದವರೊಬ್ಬರು ಒಂದು ಗಟ್ಟಿಮುಟ್ಟಾದ ಸಣ್ಣ ದೋಣಿ ಕೊಡಿಸಿದರು. ತಾಮ್ರದ ಮೊಳೆ ಹೊಡೆದು, ಹಿಂಬದಿಗೆ ದಪ್ಪ ಹಲಗೆ ಕೂರಿಸಿದ ದೋಣಿ. ಎಂಜಿನ್ನು ಅದಕ್ಕೆ ಹೇಳಿ ಮಾಡಿಸಿದಂತೆ ಕೂತಿತು. ಇವರು ಹಿನ್ನೀರಿನಲ್ಲಿ ಅರ್ಧ ದೂರ ಹೋಗಿ, ಎರ್ನಾಕುಲಮ್ಮಿಗೆ ಹೋಗುತ್ತಿದ್ದ ಫೆರಿಯನ್ನು ಹಿಂದೆ ಹಾಕಿ, ಒಂದು ಸುತ್ತು ಹೊಡೆದು ಬಂದರು. ಫೆರಿಯ ಜನ ಕೈ ತಟ್ಟಿದರು. ಬಂದವರ ಮುಖದ ಮೇಲೆ ಉಪ್ಪುನೀರು ಸುರಿಯುತ್ತಿತ್ತು. ಮದುವೆಯಾದ ಮೇಲೆ ಅವರನ್ನು ಅಷ್ಟು ಚೆಂದವಾಗಿ ನಾನು ನೋಡಿರಲಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ. ಇದು ಮಾತ್ರ ಆ ದಿನವೇ ಬರೆದದ್ದು, ನಂಬಬಹುದು.

ಎರ್ನಾಕುಲಂ

ಉಳಿದುಕೊಂಡದ್ದು ಉಡುಪಿಯ ಕಡೆಯ ಉಪಾಧ್ಯರೆಂಬವರ ಹೋಟೆಲಿನ ಮೇಲಂತಸ್ತಿನಲ್ಲಿ. ಬೆಳಗಾಗುವ ಮೊದಲೇ ಕೆಳಗೆ ರುಬ್ಬುವ ಕಲ್ಲಿನ ಸದ್ದು. ಇಳಿದು ನೋಡಿದರೆ, ಗಿರಾಕಿಗಳಿಗೆ ಕಾಣುವಂತೆ ಬಾಗಿಲ ಎದುರಿಗೇ ಒಬ್ಬ ಹೆಂಗಸು ಕೂತು ಗುಂಡು ತಿರುಗಿಸುತ್ತಿದ್ದಾಳೆ. ಒರಳೊಳಗೆ ಬಗ್ಗಿ ನೋಡಿದೆ. ಬರೀ ನೀರು.

ಉಪಾಧ್ಯರು ನಾಚಿಕೊಳ್ಳಲಿಲ್ಲ. "ಒಳಗೆ ಬನ್ನಿ ಅಮ್ಮ," ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಮೋಟರು, ಬೆಲ್ಟು, ತನ್ನಷ್ಟಕ್ಕೆ ತಿರುಗುವ ದೊಡ್ಡ ಕಲ್ಲು. ಕೊಯಮತ್ತೂರಿನಿಂದ ತರಿಸಿದ್ದಂತೆ.

"ಇದು ಬಂದ ಕೂಡ್ಲೆ ಖುಷಿಯಲ್ಲಿ ಎದುರಿಗೇ ಇಟ್ಟೆ ನೋಡಿ. ಮರುದಿನದಿಂದ ಎಲ್ಲರದ್ದೂ ಒಂದೇ ಮಾತು, ಇಡ್ಲಿಗೆ ಕಬ್ಬಿಣದ ವಾಸನೆ ಅಂತ. ಅದು ಕಲ್ಲು ಮಾರಾಯ್ರೆ, ಅದರಲ್ಲಿ ಕಬ್ಬಿಣ ಎಲ್ಲಿ ಉಂಟು? ಮತ್ತೆ ಮೆಶಿನನ್ನು ಹಿಂದೆ ಹಾಕಿದೆ, ಇವಳನ್ನು ಎದುರು ಕೂರಿಸಿದೆ. ಈಗ ಇಡ್ಲಿ ಮೊದಲಿನ ಹಾಗೆ ಆಗಿದೆಯಂತೆ!"

"ಆ ಹೆಂಗಸಿಗೆ ಏನೂ ಅನ್ನಿಸೋದಿಲ್ವೆ?" ಎಂದೆ.

"ಎಂಥ ಅನ್ನಿಸುವುದು? ಮೊದಲು ಕೈ ನೋಯುತ್ತಿತ್ತು, ಈಗ ನೋಯುವುದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇವರು ಮಾತ್ರ ನಗಲಿಲ್ಲ. ಹಿಂದಿರುಗಿ ಮೆಟ್ಟಿಲು ಹತ್ತುವಾಗ, "ಜನ ಹೊಸದನ್ನ ತಿನ್ನುತ್ತಾರೆ, ನೋಡೋದಕ್ಕೆ ಮಾತ್ರ ಒಪ್ಪೋದಿಲ್ಲ. ನಮ್ಮದು ಸಮುದ್ರದ ನಡುವೆ. ಅಲ್ಲಿ ಯಾರೂ ಗಿರಾಕಿ ಇರೋದಿಲ್ಲ, ಕೆಲಸ ಮಾತ್ರ," ಎಂದರು. ಯಾವುದನ್ನು ಕೇಳಿದರೂ ತಮ್ಮ ಎಂಜಿನ್ನಿಗೆ ಅನುಕೂಲವಾಗುವಂತೆ ಅರ್ಥಮಾಡಿಕೊಳ್ಳುವ ಶಕ್ತಿ ಅವರಿಗೆ ಬಂದುಬಿಟ್ಟಿತ್ತು. ಹೊಸ ಕಂಪನಿ ಕಟ್ಟುವವರಿಗೆ ಅದು ಬೇಕೇ ಬೇಕು ಎಂದು ಈಗ ನನಗೂ ಅನ್ನಿಸುತ್ತದೆ. ಆ ಶಕ್ತಿ ಇಲ್ಲದವರು ಮೊದಲ ಬಿರುಕಿಗೇ ಮನೆಗೆ ಹೋಗುತ್ತಾರೆ. ಇದ್ದವರು ಎಲ್ಲಿ ನಿಲ್ಲುತ್ತಾರೆ ಎಂಬುದೇ ಪ್ರಶ್ನೆ.

ಬಸ್ಸು

ತಿರುವನಂತಪುರದ ಬಸ್ಸಿನ ನೆತ್ತಿಯ ಮೇಲೆ ನಮ್ಮ ಪೆಟ್ಟಿಗೆಯ ಪಕ್ಕ ಒಣಮೀನಿನ ಬುಟ್ಟಿಗಳನ್ನು ಕಟ್ಟಿದರು. ಇವರು ಆ ವಾಸನೆಯನ್ನು ಶುಭಶಕುನವೆಂದರು. ಬಸ್ಸಿನೊಳಗೆ ಒಬ್ಬ ಮುದುಕರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಹಿಂದಿನ ಸೀಟಿನವನು ಅದಕ್ಕೆ ಉತ್ತರ ಕೊಡುತ್ತಿದ್ದ. ಕಂಡಕ್ಟರು ಟಿಕೆಟು ಹರಿಯುವುದನ್ನು ಬಿಟ್ಟು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದ. ಆ ವರ್ಷಗಳಲ್ಲಿ ಅಲ್ಲಿ ರಾಜಕೀಯ ಮಾತಾಡದವನಿಗೆ ಬಸ್ಸಿನಲ್ಲಿ ಜಾಗ ಸಿಗುವುದೇ ಕಷ್ಟ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕದವರು ಎಷ್ಟು ಮಕ್ಕಳು ಎಂದು ಕೇಳುತ್ತಾರೆ. ಇಲ್ಲಿ ಒಬ್ಬಾಕೆ ನನ್ನನ್ನು ಎಷ್ಟು ಓದಿದ್ದೀರಿ ಎಂದು ಕೇಳಿದಳು. ಎಂ.ಎಸ್ಸಿ. ಎಂದಾಗ ಸರಿದು ಜಾಗ ಮಾಡಿಕೊಟ್ಟಳು. ಮಕ್ಕಳಿಲ್ಲ ಎಂದು ಹೇಳಬೇಕಾಗಿ ಬರಲಿಲ್ಲ. ಆ ಒಂದು ಕಾರಣಕ್ಕೇ ಆ ದೇಶದ ಮೇಲೆ ನನಗೆ ಪ್ರೀತಿ ಬಂತು.

ಪಟ್ಟಂ

ನಮ್ಮನ್ನು ಇಳಿಸಿಕೊಂಡವರು ಕಾಸರಗೋಡಿನ ಶಂಕರ ಭಟ್ಟರು. ಸರ್ಕಾರಿ ಕಚೇರಿಯಲ್ಲಿ ಕೆಲಸ, ತಿರುವನಂತಪುರದ ಪಟ್ಟಮ್ಮಿನಲ್ಲಿ ಬಾಡಿಗೆ ಮನೆ. ಇವರ ಅಣ್ಣನ ಸಹಪಾಠಿ.

"ಎಷ್ಟು ದೂರ ಬಂದುಬಿಟ್ಟಿದ್ದೀರಿ ಊರು ಬಿಟ್ಟು," ಎಂದೆ, ಮಾತಿಗೆ.

"ನಾನು ಎಲ್ಲಿ ಬಿಟ್ಟದ್ದು ಅಕ್ಕ? ಮನೆಯಲ್ಲೇ ಇದ್ದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡುವಾಗ ನಮ್ಮ ರಾಜಧಾನಿ ಇಷ್ಟು ದೂರ ಬಂದು ಕೂತಿತ್ತು. ಅದರ ಹಿಂದೆ ನಾನೂ ಬಂದೆ."

ಅವರ ಪುಟ್ಟ ಮಗಳನ್ನು ನಾನು ಕನ್ನಡದಲ್ಲಿ ಹೆಸರು ಕೇಳಿದರೆ ಮಗು ಮಲಯಾಳದಲ್ಲಿ ಉತ್ತರ ಕೊಟ್ಟಿತು. ಭಟ್ಟರು, "ತಿಳಿಯುತ್ತದೆ, ಹೇಳುವುದಿಲ್ಲ," ಎಂದು, ತಪ್ಪು ತಮ್ಮದೇ ಎಂಬಂತೆ ಕೆಳಗೆ ನೋಡಿದರು.

ಊಟದಲ್ಲಿ ಕೆಂಪು ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆಯ ಒಗ್ಗರಣೆ. ಇವರು ಎಂಜಿನ್ನಿನ ಮಾತು ತೆಗೆದರು. ನೌಕರಿಯೆಂದರೆ ಇನ್ನೊಬ್ಬನ ದೋಣಿಯಲ್ಲಿ ಹುಟ್ಟು ಹಾಕಿದಂತೆ ಎಂದರು. ಸೋಲಿಗೆ ಹೆದರುವವನು ಹೊಸದೇನನ್ನೂ ಮಾಡಲಾರ ಎಂದರು. ನೌಕರಿಯಲ್ಲೇ ಇದ್ದ ಭಟ್ಟರು ಮಜ್ಜಿಗೆ ಬಡಿಸುತ್ತ, "ಅದು ಹೌದು ರಾಯರೆ. ಆದರೆ ಸೋತರೆ ಎಂಥ ಮಾಡುವುದು ಅಂತ ಅಕ್ಕನಲ್ಲಿ ಕೇಳಿದ್ದೀರಾ?" ಎಂದರು.

"ಅವಳು ನನಗಿಂತ ಧೈರ್ಯಸ್ಥೆ," ಎಂದರು ಇವರು.

ನನ್ನನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಖಾಯಂ ಕೆಲಸ ಬಿಟ್ಟ ದಿನದಿಂದ ನನ್ನೊಳಗೆ ಒಂದು ಸಿಟ್ಟು ಕೂತಿತ್ತು. ಎಂಜಿನ್ನು ಗೆಲ್ಲಲಿ ಎಂದು ಹಾರೈಸುತ್ತಿದ್ದೆ, ಸೋತರೆ ಬುದ್ಧಿ ಬಂದೀತು ಎಂದೂ ಅಂದುಕೊಳ್ಳುತ್ತಿದ್ದೆ. ಎರಡೂ ಒಂದೇ ಮನಸ್ಸಿನಲ್ಲಿ ಹೇಗಿದ್ದವೋ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ವಿಳಿಂಜಂ, ಬೆಳಿಗ್ಗೆ

ತಿರುವನಂತಪುರದಿಂದ ತುಸು ದೂರದ ಮೀನುಗಾರರ ಊರು, ಬಂಡೆಗಳ ನಡುವೆ ಅರ್ಧಚಂದ್ರದಂಥ ಕಡಲು. ಒಂದು ಕಡೆ ಇಗರ್ಜಿ, ಇನ್ನೊಂದು ಕಡೆ ಮಸೀದಿ, ನಡುವೆ ಮರಳಿನ ತುಂಬ ದೋಣಿಗಳು. ಇಲ್ಲಿ ಮಳೆಗಾಲವೇ ಮೀನಿನ ಕಾಲವಂತೆ. ಬೇರೆ ಕಡೆಯ ಸಮುದ್ರ ಇಳಿಯಲು ಬಿಡದಿರುವಾಗ ಬಂಡೆಗಳ ಮರೆಯ ಈ ಕೊಲ್ಲಿ ಬಿಡುತ್ತದೆ. ಆ ಕಾಲ ಹತ್ತಿರ ಬರುತ್ತಿತ್ತು.

ನಮಗೆ ದೋಣಿ ಕೊಡಲು ಒಪ್ಪಿದ್ದವನು ಪತ್ರೋಸ್. ದಪ್ಪ ತೋಳು, ಕೊರಳಲ್ಲಿ ಶಿಲುಬೆ, ಇಡೀ ಕಡಲತೀರಕ್ಕೆ ಕೇಳುವ ದನಿ. ಈ ತೀರದಲ್ಲಿ ಮೊದಲು ಎಂಜಿನ್ನು ಹಾಕುವವನು ತಾನೇ ಎಂದು ಒಂದು ತಿಂಗಳಿನಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಇವರೂ ಅವನೂ ಒಬ್ಬರನ್ನೊಬ್ಬರು ನೋಡಿದ ಕೂಡಲೇ ಮೆಚ್ಚಿಕೊಂಡರು. ಭಾಷೆ ಬರುತ್ತಿರಲಿಲ್ಲ, ನಡುವೆ ನಿಂತು ಭಟ್ಟರು ಅನುವಾದಿಸುತ್ತಿದ್ದರು.

ಪತ್ರೋಸನ ಹೆಂಡತಿ ತ್ರೇಸ್ಯಾ ನನ್ನ ಪಕ್ಕ ಬಂದು ನಿಂತು, ಅಲ್ಲಿಯವರು ಅಮ್ಮಾವ್ರೇ ಎನ್ನುವ ಬಗೆಯಲ್ಲಿ ಕರೆದು, ಭಟ್ಟರ ಮೂಲಕ ಕೇಳಿದಳು: "ನಿಮ್ಮವರೂ ಹೀಗೇನಾ ಕೊಚ್ಚಮ್ಮ? ಮಲಗಿದಾಗಲೂ ಎಂಜಿನ್ನಾ?"

"ಮಲಗಿದಾಗ ಜಾಸ್ತಿ," ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆಗ ನಾವು ದೋಣಿಯನ್ನು ನೋಡಿದೆವು. ಅಂಥದನ್ನು ನಾನು ಎಲ್ಲೂ ನೋಡಿರಲಿಲ್ಲ. ಅದರಲ್ಲಿ ಒಂದೇ ಒಂದು ಮೊಳೆ ಇಲ್ಲ. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಗೆ ನಾರು ತುಂಬಿ, ತೆಂಗಿನ ನಾರಿನ ಹಗ್ಗದಿಂದ ಹಲಗೆಗೆ ಹಲಗೆಯನ್ನು ಹೊಲಿದಿದ್ದಾರೆ. ರವಿಕೆಗೆ ಹೊಲಿಗೆ ಹಾಕಿದಂತೆ, ಕೊನೆಯಿಂದ ಕೊನೆಯವರೆಗೆ. ಅದರ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪಗೆ ಮಾಡಿದ್ದಾರೆ.

ಭಟ್ಟರು ವಿವರಿಸಿದರು: "ಮೊಳೆ ಹೊಡೆದರೆ ತೆರೆಯ ಪೆಟ್ಟಿಗೆ ಹಲಗೆ ಸೀಳುತ್ತದಂತೆ. ಹೊಲಿದದ್ದು ಬಗ್ಗುತ್ತದೆ. ವರ್ಷಕ್ಕೊಮ್ಮೆ, ಮಳೆಗೆ ಮೊದಲು, ಪೂರಾ ಬಿಚ್ಚಿ ಹೊಸ ಹಗ್ಗದಲ್ಲಿ ಹೊಲಿಯುವುದಂತೆ."

ಪತ್ರೋಸ್ ಏನೋ ಹೇಳಿ ಎದೆ ತಟ್ಟಿಕೊಂಡ. ಭಟ್ಟರು ನಕ್ಕರು. "ಈ ವರ್ಷ ಇವ ಹೊಲಿಸಲಿಲ್ಲವಂತೆ. ನಿಮ್ಮ ಎಂಜಿನು ಬರುತ್ತದಲ್ಲ, ಮತ್ತೆ ಸಾರ್‌ಗಳೇ ಬೇರೆ ರೀತಿಯ ದೋಣಿ ಮಾಡಿಸುತ್ತಾರೆ, ಹಳೇ ಹೊಲಿಗೆ ಯಾರಿಗೆ ಬೇಕು ಅಂತ ಕೇಳುತ್ತಾನೆ."

ಇವರ ಮುಖ ಅರಳಿತು. "ನೋಡಿದ್ಯಾ? ನಮ್ಮ ಮೇಲೆ ಎಷ್ಟು ನಂಬಿಕೆ!"

ಆಮೇಲೆ ಕ್ಯಾಮೆರಾ ತೆಗೆದರು. ಬರೀ ಹೊಲಿಗೆಯ ಫೋಟೋ ತೆಗೆದರೆ ಹಗ್ಗದ ದಪ್ಪ ತಿಳಿಯುವುದಿಲ್ಲವೆಂದು, "ನಿನ್ನ ಕೈ ಇಡು ಅಲ್ಲಿ, ಅಳತೆಗೆ," ಎಂದರು. ನಾನು ಕೈ ಇಟ್ಟೆ. ಹಗ್ಗ ಒರಟಾಗಿ, ಅಲ್ಲಲ್ಲಿ ಎಳೆ ಬಿಚ್ಚಿಕೊಂಡಿತ್ತು. "ಎಂಥ ಕಲೆ! ಎಷ್ಟು ತಲೆಮಾರಿನದೋ!" ಎಂದು ಮೂವರೂ ಕೊಂಡಾಡಿದೆವು.

ಇಲ್ಲಿಯೇ ನನಗೆ ಈಗಲೂ ಅರ್ಥವಾಗದ ಸಂಗತಿ ಇರುವುದು. ಇವರು ಎಂಜಿನಿಯರು, ನಾನು ಭೌತಶಾಸ್ತ್ರದ ಉಪಾಧ್ಯಾಯಿನಿ. ಒಂದೇ ಸಿಲಿಂಡರಿನ ಎಂಜಿನ್ನು ಎಷ್ಟು ನಡುಗುತ್ತದೆ ಎಂದು ಇಬ್ಬರಿಗೂ ಗೊತ್ತು. ಶೆಡ್ಡಿನಲ್ಲಿ ಅದು ಓಡುವಾಗ ಅಡುಗೆಮನೆಯ ಲೋಟಗಳು ತಾವೇ ಸರಿದು ಕೆಳಗೆ ಬೀಳುತ್ತಿದ್ದವು. ಈ ನಡುಕವನ್ನು ಹಗ್ಗದಲ್ಲಿ ಹೊಲಿದ ಹಲಗೆಗೆ ಕಚ್ಚಿಸಿದರೆ ಏನಾಗುತ್ತದೆ ಎಂಬುದು ಪರೀಕ್ಷೆಯಲ್ಲಿ ಕೇಳಬಹುದಾದ ಸುಲಭದ ಪ್ರಶ್ನೆ. ಆದರೆ ನಮ್ಮಿಬ್ಬರಿಗೂ ಅದು ಪ್ರಶ್ನೆಯಾಗಿ ಕಾಣಲಿಲ್ಲ. ಪ್ರವಾಸಿಗೆ ಎಲ್ಲವೂ ಸೊಗಸಾಗಿ ಕಾಣುತ್ತದೆ. ಸೊಗಸೆಂದು ಒಮ್ಮೆ ಅಂದುಕೊಂಡದ್ದನ್ನು ಅವನು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೀನುಗಾರರು ಏಕೆ ಹೇಳಲಿಲ್ಲ ಎಂದರೆ, ಎಂಜಿನ್ನು ಏನು ಮಾಡುತ್ತದೆಂದು ಅವರೂ ಕಂಡವರಲ್ಲ. ಸಾರ್‌ಗಳಿಗೆ ಗೊತ್ತಿರುತ್ತದೆ ಎಂದು ಅವರು ಇದ್ದರು. ಅವರ ದೋಣಿ ಅವರಿಗೆ ಗೊತ್ತಿರುತ್ತದೆ ಎಂದು ನಾವು ಇದ್ದೆವು.

ವಿಳಿಂಜಂ, ಬಿಸಿಲು ಏರಿದ ಮೇಲೆ

ನಮಗೆ ಕಾಗದ ಬರೆದಿದ್ದ ಅಧಿಕಾರಿ ಮೆನೋನರು ಕಪ್ಪು ಕೊಡೆ ಹಿಡಿದು ಬಂದರು. ಮಿತವಾಗಿ ಮಾತಾಡುವ ಮನುಷ್ಯ. ದೋಣಿ ನೀರಿಗಿಳಿಯುವ ಮೊದಲೇ ಎಲ್ಲರ ಎದುರು ಹೇಳಿದರು: ಎಂಜಿನ್ನಿನಿಂದ ದೋಣಿಗೆ ಪೆಟ್ಟಾದರೆ ದುರಸ್ತಿ ಕಂಪನಿಯದು, ದೋಣಿಯದೇ ದೋಷವಾದರೆ ಅದು ಮಾಲೀಕನದು. ಭಟ್ಟರು ಅನುವಾದಿಸಿದರು. ಪತ್ರೋಸ್, "ನನ್ನ ದೋಣಿಗೆ ಎಂಥ ದೋಷ?" ಎಂದು ಗರ್ಜಿಸಿದ. ಎಲ್ಲರೂ ನಕ್ಕರು.

ಎಂಜಿನ್ನನ್ನು ಹಿಂಬದಿಯ ಹಲಗೆಗೆ ಕಬ್ಬಿಣದ ಹಿಡಿಯಿಂದ ಬಿಗಿದರು. ಇವರು, ಪತ್ರೋಸ್, ಇನ್ನಿಬ್ಬರು ಹತ್ತಿದರು. ಎರಡನೇ ಎಳೆತಕ್ಕೆ ಎಂಜಿನ್ನು ಹತ್ತಿಕೊಂಡಿತು. ದೋಣಿ ಮುಂಭಾಗ ಎತ್ತಿಕೊಂಡು ಹಾರಿದಾಗ ತೀರದ ತುಂಬ ಕೂಗು. ತ್ರೇಸ್ಯಾ ನನ್ನ ಮುಂಗೈ ಹಿಡಿದುಕೊಂಡಳು. ಪತ್ರೋಸ್ ಎದ್ದು ನಿಂತು ಎರಡೂ ಕೈ ಚಾಚಿ, ಹುಟ್ಟು ಹಾಕುತ್ತಿದ್ದ ಬೇರೆ ದೋಣಿಗಳವರನ್ನು ಅಣಕಿಸುತ್ತಿದ್ದ. ಮೆನೋನರು ಗಡಿಯಾರ ನೋಡಿ, "ವೇಗ ಚೆನ್ನಾಗಿದೆ," ಎಂದರು.

ಆ ಮಾತು ಮುಗಿಯುವ ಮೊದಲೇ ಎಂಜಿನ್ನಿನ ಸದ್ದು ನಿಂತಿತು. ದೂರದಲ್ಲಿ ದೋಣಿ ಅಡ್ಡ ತಿರುಗಿತ್ತು. ನಾಲ್ವರೂ ಬಗ್ಗಿ ಏಳುತ್ತಿದ್ದರು; ನೀರು ಮೊಗೆದು ಚೆಲ್ಲುತ್ತಿದ್ದಾರೆ ಎಂದು ಮೊದಲು ಹೇಳಿದವಳು ತ್ರೇಸ್ಯಾ. ನನ್ನ ಕೈ ಬಿಟ್ಟು ನೀರಿನ ಅಂಚಿಗೆ ಓಡಿದಳು. ಬೇರೆ ದೋಣಿಗಳು ಹೋಗಿ ಎಳೆದುಕೊಂಡು ಬಂದವು.

ಮರಳಿಗೆ ತಂದು ಹಾಕಿದಾಗ ಕಂಡಿತು. ಎಂಜಿನ್ನು ಕಚ್ಚಿದ್ದ ಹಲಗೆ ಬಾಯಿ ತೆರೆದುಕೊಂಡು ಜೋತಾಡುತ್ತಿತ್ತು. ಅಲ್ಲಿಂದ ಶುರುವಾಗಿ ಬದಿಯುದ್ದಕ್ಕೂ ಹಗ್ಗ ಕಿತ್ತು, ಹೊಲಿಗೆ ಬಿಟ್ಟ ಚೀಲದಂತೆ ದೋಣಿ ಬಿಚ್ಚಿಕೊಂಡಿತ್ತು. ಒಂದು ಹಲಗೆ ಸೀಳಿಯೂ ಹೋಗಿತ್ತು. ಎಂಜಿನ್ನಿಗೆ ಒಂದು ಗೀರೂ ಆಗಿರಲಿಲ್ಲ.

ಪತ್ರೋಸ್ ದೋಣಿಯ ಪಕ್ಕ ಮಂಡಿಯೂರಿದ. ಬಿಚ್ಚಿಹೋದ ಹಗ್ಗದ ತುದಿಗಳನ್ನು ಒಂದೊಂದಾಗಿ ಎತ್ತಿ ಹಲಗೆಯ ತೂತಿನೊಳಗೆ ತುರುಕುತ್ತಿದ್ದ, ಹಾಗೇ ಕೂತುಕೊಳ್ಳುತ್ತದೆ ಎಂಬಂತೆ.

ಇವರು ಒದ್ದೆ ಬಟ್ಟೆಯಲ್ಲೇ ಮೆನೋನರ ಬಳಿಗೆ ಹೋದರು. ಇಂಗ್ಲಿಷಿನಲ್ಲಿ, ಸಮಾಧಾನದ ದನಿಯಲ್ಲಿ ಹೇಳಿದರು: "ಎಂಜಿನ್ನಿನ ಕೆಲಸವನ್ನು ತಾವೇ ನೋಡಿದಿರಿ. ಇಲ್ಲಿ ದೋಷ ದೋಣಿಯದು. ಪ್ರತಿ ವರ್ಷ ಹಗ್ಗ ಬದಲಿಸಬೇಕು. ಈ ಮನುಷ್ಯ ಈ ವರ್ಷ ಬದಲಿಸಿಯೇ ಇಲ್ಲ. ಬೇಕಾದರೆ ಅವನನ್ನೇ ಕೇಳಿ."

ಒಂದು ಮಾತೂ ಸುಳ್ಳಲ್ಲ. ಅವನನ್ನು ಕೇಳಿದ್ದರೆ ಅವನೂ ಹೌದೆನ್ನುತ್ತಿದ್ದ. ಬೆಳಿಗ್ಗೆ ಹೆಮ್ಮೆಯಿಂದ ಹೇಳಿದವನು ಅವನೇ.

ಮೆನೋನರು ತಲೆಯಾಡಿಸಿ ಪತ್ರೋಸನ ಕಡೆ ತಿರುಗಿದರು. ತ್ರೇಸ್ಯಾ ಭಟ್ಟರ ಅಂಗಿ ಹಿಡಿದು ಜಗ್ಗಿ ಕೇಳುತ್ತಿದ್ದಳು: "ಸಾರ್ ಏನಂದರು? ಏನಂದರು?" ಭಟ್ಟರು ನನ್ನನ್ನು ನೋಡಿದರು.

ನಾನು ಮಾತಾಡಿದೆ.

ಮೆನೋನರಿಗೆ ನೇರವಾಗಿ, ಇಂಗ್ಲಿಷಿನಲ್ಲಿ ಹೇಳಿದೆ ಎಂದು ನನ್ನ ನೆನಪು: "ಹೊಲಿಗೆ ಹಳೆಯದೆಂದು ಇವರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಎಂಜಿನ್ನು ಬರುತ್ತದೆಂದೇ ಆತ ಹೊಲಿಸಲಿಲ್ಲ. ಇವರು ಅದನ್ನು ಕೇಳಿ ಖುಷಿಪಟ್ಟರು, ಫೋಟೋ ತೆಗೆದರು. ನನ್ನ ಕೈ ಆ ಹಗ್ಗದ ಮೇಲೇ ಇತ್ತು."

ಮೆನೋನರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಇವರನ್ನು ಕೇಳಿದರು: "ಹೌದೇ?"

ಪಾರ್ಸೆಲ್ ಆಫೀಸಿನಲ್ಲಿ ನನ್ನ ಕಡೆ ನೋಡದ ಇವರು ಈ ಸಲ ನೋಡಿದರು. ಬಹಳ ಹೊತ್ತು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಯಾರೋ ಅಪರಿಚಿತಳು ರೈಲಿನಲ್ಲಿ ತಮ್ಮ ಸೀಟಿನಲ್ಲಿ ಕೂತಿದ್ದಾಳೆ ಎಂಬಂತಿತ್ತು.

"ಹೌದು," ಎಂದರು.

"ಹಾಗಾದರೆ ದುರಸ್ತಿ ಕಂಪನಿಯದು," ಎಂದರು ಮೆನೋನರು. "ಎಂಜಿನ್ನಿನ ವಿಷಯ ಈಗ ಬೇಡ. ಕೊಲ್ಲಮ್ಮಿನ ಕಡೆ ಹೊರದೇಶದವರು ಮೊಳೆಯ ದೋಣಿ ಕಟ್ಟಿಸುತ್ತಿದ್ದಾರೆ. ಅಂಥವು ಇಲ್ಲಿಗೂ ಬರಲಿ. ಆಮೇಲೆ ನೋಡೋಣ."

ಮತ್ತೆ ವಿಳಿಂಜಂ

ಹೊಲಿಯುವವರು ಬಂದು ದೋಣಿ ಪೂರ್ತಿ ಬಿಚ್ಚಿದರು. ಸೀಳಿದ ಹಲಗೆಗೆ ಬದಲು ಬೇರೆ ಹಲಗೆ ತರಿಸಲಾಯಿತು. ಒಬ್ಬ ಒಳಗಿನಿಂದ ಹಗ್ಗ ಎಳೆಯುವುದು, ಇನ್ನೊಬ್ಬ ಹೊರಗಿನಿಂದ ಬಡಿದು ಬಿಗಿಯುವುದು. ಇವರು ತೆಂಗಿನ ನೆರಳಿನಲ್ಲಿ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದರು. ನನ್ನೊಡನೆ ಮಾತಿಲ್ಲ.

ಪತ್ರೋಸನ ದನಿ ಮಾತ್ರ ಆಗಲೇ ಮರಳಿ ಬಂದಿತ್ತು. ಇವರ ಬಳಿ ಬಂದು ಏನೋ ಕೇಳಿದ. ಭಟ್ಟರು ಹೇಳಿದರು: "ಮುಂದಿನ ಎಂಜಿನು ಯಾವಾಗ ತರುತ್ತೀರಿ ಅಂತ ಕೇಳುತ್ತಾನೆ ರಾಯರೆ. ಮೊದಲು ತನಗೇ ಬೇಕಂತೆ."

ಅಷ್ಟೆಲ್ಲ ಆದ ಮೇಲೂ! ಇವರ ಕಣ್ಣು ತುಂಬಿದ್ದು ಆಗ.

ತ್ರೇಸ್ಯಾ ನನಗೆ ಎಳನೀರು ಕೊಟ್ಟಳು. ನಾನೇನೋ ಹೇಳಿದ್ದರಿಂದ ದೋಣಿ ಉಳಿಯಿತೆಂದು ಭಟ್ಟರು ಅವಳಿಗೆ ತಿಳಿಸಿದ್ದರಂತೆ. ಅವಳು ಹೊಗಳಲಿಲ್ಲ. "ಇನ್ನು ಮನೆಗೆ ಹೋಗಿ ಹೇಗಿರುತ್ತೀರಿ ಕೊಚ್ಚಮ್ಮ?" ಎಂದು ಕೇಳಿದಳು. ಭಟ್ಟರು ಇದನ್ನು ಅನುವಾದಿಸಬೇಕಾಗಿ ಬರಲಿಲ್ಲ, ನನಗೇ ತಿಳಿಯಿತು.

ವಾಪಸು ಬಂದ ಮೇಲೆ

ಸರ್ಕಾರ ಎಂಜಿನ್ನು ಕೊಳ್ಳಲಿಲ್ಲ, ಉಳಿದ ದುಡ್ಡು ದುರಸ್ತಿಗೆ ಹೋಯಿತು, ಶೆಡ್ಡಿಗೆ ಬೀಗ ಬಿತ್ತು. ಇವರು ಹಳೆಯ ಕಾರ್ಖಾನೆಯ ಬಾಗಿಲಿಗೆ ಹೋಗಿ ನಿಂತರು, ಒಳಗೆ ಕರೆಯಲಿಲ್ಲ. ರಂಗಸ್ವಾಮಿ ಬೇರೆ ಕಡೆ ಕೆಲಸ ಹಿಡಿದ. ಆ ಒಂದು ವರ್ಷದ ಬಗ್ಗೆ ಬರೆಯುವುದಿಲ್ಲ. ಆಮೇಲೆ ಒಂದು ದಿನ ಇವರು ಅದೇ ಎಂಜಿನ್ನಿನ ಉದ್ದ ಕೊಳವೆ ಕಳಚಿ, ಅದಕ್ಕೆ ಪಂಪು ಜೋಡಿಸಿ ಪಕ್ಕದವರ ಬಾವಿಯ ನೀರೆತ್ತಿದರು. ನೆಲದ ಮೇಲೆ ಸಿಮೆಂಟಿನ ಕಟ್ಟೆಗೆ ಬಿಗಿದರೆ ಅದು ಎಷ್ಟು ನಡುಗಿದರೂ ಯಾರಿಗೂ ತೊಂದರೆಯಿಲ್ಲ. ರೈಲ್ವೆಯ ಗುಮಾಸ್ತ ಬರೆದದ್ದೇ ಕೊನೆಗೆ ನಿಜವಾಯಿತು. ಇಂದು 'ರಾಯರ ಪಂಪು' ಎಂದರೆ ಕೋಲಾರ, ತುಮಕೂರಿನ ರೈತರಿಗೆಲ್ಲ ಗೊತ್ತು. ರಂಗಸ್ವಾಮಿ ಈಗ ಕಾರ್ಖಾನೆಯ ಫೋರ್‌ಮನ್.

ಇವರನ್ನು ಸಭೆಗಳಿಗೆ ಕರೆಯುತ್ತಾರೆ. ಹೊಸ ಉದ್ಯಮ ಕಟ್ಟುವ ಬಗೆ ಹೇಗೆ, ಅಡ್ಡಿಗಳನ್ನು ಗೆಲ್ಲುವುದು ಹೇಗೆ ಎಂದು ಎಳೆಯರಿಗೆ ಹೇಳುತ್ತಾರೆ. ವಿಳಿಂಜಮ್ಮಿನ ಕಥೆ ಅದರಲ್ಲಿ ಬಂದೇ ಬರುತ್ತದೆ. ಆ ಕಥೆಯಲ್ಲಿ ಕಡಲು ಕೆರಳಿರುತ್ತದೆ, ದೋಣಿ ಒಡೆಯುತ್ತದೆ, ಇವರು ತಾವಾಗಿಯೇ ಮುಂದೆ ಬಂದು "ತಪ್ಪು ನಮ್ಮದು, ದುರಸ್ತಿ ನಮ್ಮದು" ಎನ್ನುತ್ತಾರೆ. ಜನ ಕೈ ತಟ್ಟುತ್ತಾರೆ. ಮೊದಲ ಸಲ ಕೇಳಿದಾಗ ನಾನು ಸಭೆಯ ನಡುವೆ ಎದ್ದು ಹೊರಗೆ ಹೋದೆ. ಈಗ ಹೋಗುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ, ಹಾಗೆಯೇ ನೆನಪಿಟ್ಟುಕೊಂಡಿದ್ದಾರೆ.

ನನ್ನ ನೆನಪಿನ ಗತಿಯೂ ಹೇಳಬೇಕಲ್ಲ. ಹೋದ ವರ್ಷ ಭಟ್ಟರು ನಿವೃತ್ತರಾಗಿ ಊರಿಗೆ ಮರಳುವ ಮುನ್ನ ನಮ್ಮ ಮನೆಗೆ ಬಂದಿದ್ದರು. ಇವರಿಲ್ಲದ ಹೊತ್ತು ನೋಡಿ ಆ ದಿನದ ಮಾತು ತೆಗೆದೆ.

"ಇಂಗ್ಲಿಷಿನಲ್ಲಾ?" ಎಂದರು ಭಟ್ಟರು. "ನೀವು ಇಂಗ್ಲಿಷಿನಲ್ಲಿ ಒಂದಕ್ಷರ ಹೇಳಲಿಲ್ಲ ಅಕ್ಕ. ರಾಯರ ಹತ್ತಿರ ಹೋಗಿ ಮೆಲ್ಲಗೆ ಕನ್ನಡದಲ್ಲಿ ಹೇಳಿದ್ದು. 'ಬೆಳಿಗ್ಗೆ ನಿಮಗೆ ಗೊತ್ತಿತ್ತಲ್ಲ ರೀ' ಅಂತ. ಅಷ್ಟೇ. ಅದನ್ನು ಮೆನೋನರಿಗೆ ತಿಳಿಸಿದ್ದು ನಾನು. ಅನುವಾದ ಮಾಡಲಿಕ್ಕೆ ನಿಂತವ, ಅದನ್ನೂ ಮಾಡಿದೆ."

ಹಾಗಾದರೆ ನನ್ನ ಗಂಡನ ಕಂಪನಿಯನ್ನು ಮುಗಿಸಿದ್ದು ನಾನಲ್ಲವೇ? ನ್ಯಾಯಕ್ಕಾಗಿ ಹೇಳಿದೆನೋ, ಒಳಗಿನ ಸಿಟ್ಟು ತೀರಿಸಿಕೊಂಡೆನೋ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡದ್ದೆಲ್ಲ ದಂಡವೇ? ಭಟ್ಟರನ್ನು ನಂಬಿದರೆ ನಾನು ಹಗುರಾಗುತ್ತೇನೆ. ಆದರೆ ಅವರಿಗೂ ವಯಸ್ಸಾಗಿದೆ. ಅದೂ ಅಲ್ಲದೆ, ಹಗುರಾಗಲು ನನಗೆ ಇಷ್ಟವಿಲ್ಲವೆಂದು ಆ ದಿನ ತಿಳಿಯಿತು. ಆ ತೀರದಲ್ಲಿ ನಾನು ಇದ್ದೆ ಎಂಬುದಕ್ಕೆ ನನ್ನ ಹತ್ತಿರ ಆ ಮಾತೊಂದೇ ಇದೆ.

ಇನ್ನೊಂದು ಇದೆ, ಆ ಫೋಟೋ. ಇವರು ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕಾರ್ಖಾನೆಯ ಕೋಣೆಯಲ್ಲಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದಾರೆ. ಕಪ್ಪು ಹಲಗೆ, ಸಾಲು ಹೊಲಿಗೆ, ಹಗ್ಗದ ಮೇಲೆ ಚಾಚಿದ ಒಂದು ಕೈ. ಬಳೆಯ ಭಾಗ ಕಟ್ಟಿನೊಳಗೆ ಮರೆಯಾಗಿದೆ. ಮೊನ್ನೆ ನಾನು ಅಲ್ಲಿದ್ದಾಗ ದೂರದ ಊರಿನಿಂದ ಬಂದ ವ್ಯಾಪಾರಿಯೊಬ್ಬರು ಅದನ್ನು ಮೆಚ್ಚಿ, ಕೈ ಯಾರದು ಎಂದು ಕೇಳಿದರು.

ಇವರು ತಿರುಗಿ ನೋಡಿದರು. ನಿಜವಾಗಿಯೂ ಯೋಚಿಸಿದರು.

"ಅಲ್ಲಿಯವರದೇ ಇರಬೇಕು," ಎಂದರು. "ಯಾರೋ ಬೆಸ್ತರ ಹೆಂಗಸು."

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ವ್ಯಾಪಾರಿಗೆ ಕಾಫಿ ತರುವಂತೆ ಆಫೀಸಿನ ಹುಡುಗನಿಗೆ ಹೇಳಿದೆ.